ಮಂಜುಗಡ್ಡೆಯ ಕೆಳಗೆ ಮೀನಿನ ವಿಳಾಸ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ಫಿನ್ಲೆಂಡಿನ ಉತ್ತರದ ತುದಿ. ಕಣ್ಣು ಹಾಯುವಷ್ಟು ದೂರವೂ ಬಿಳಿಯ ಬಯಲು. ಅದರ ನಡುವೆ ಹಿಮಸಾರಂಗದ ಚರ್ಮವೊಂದನ್ನು ಹಾಸಿಕೊಂಡು ಒಬ್ಬಾತ ಕುಳಿತಿದ್ದಾನೆ. ಎದುರಿಗೆ ಊಟದ ತಟ್ಟೆಗಿಂತ ಚಿಕ್ಕದಾದ ಒಂದು ತೂತು. ಕೈಯಲ್ಲಿ ಮಕ್ಕಳ ಆಟದ ಸಾಮಾನಿನಂತೆ ಕಾಣುವ, ಅಡಿಯುದ್ದದ ಕೋಲು. ಅದನ್ನು ಮೆಲ್ಲಗೆ ಎತ್ತುತ್ತಾನೆ, ಇಳಿಸುತ್ತಾನೆ, ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಮತ್ತೆ ಎತ್ತುತ್ತಾನೆ. ಹತ್ತು ನಿಮಿಷವಾದರೂ ಏನೂ ಸಿಗದಿದ್ದರೆ ಎದ್ದು, ಬೈರಿಗೆಯನ್ನು ಹೆಗಲಿಗೇರಿಸಿ, ನೂರು ಹೆಜ್ಜೆ ನಡೆದು ಇನ್ನೊಂದು ತೂತು ಕೊರೆಯುತ್ತಾನೆ.

ಆತ ಕುಳಿತಿರುವ ಬಯಲು ಒಂದು ಸರೋವರ. ಅವನ ಕೆಳಗೆ ಮುಕ್ಕಾಲು ಮೀಟರ್ ದಪ್ಪದ ಮಂಜುಗಡ್ಡೆ. ಅದರ ಕೆಳಗೆ ಕಪ್ಪು ನೀರು. ಆ ನೀರಿನಲ್ಲಿ ಎಲ್ಲೋ ಮೀನು.

ಅಲ್ಲಿನವರು ಇದಕ್ಕೆ ‘ಪಿಲ್ಕಿ’ ಹಿಡಿಯುವುದು ಎನ್ನುತ್ತಾರೆ. ಕೆಲಸ ನೋಡಿದರೆ ಸುಲಭ. ಬೈರಿಗೆ ತಿರುಗಿಸಲು ತೋಳಿನಲ್ಲಿ ಕಸುವು, ಚಳಿ ತಡೆಯಲು ಉಣ್ಣೆ ಬಟ್ಟೆ, ಫ್ಲಾಸ್ಕಿನಲ್ಲಿ ಕಾಫಿ ಇದ್ದರೆ ಯಾರು ಬೇಕಾದರೂ ಗಾಳ ಇಳಿಬಿಡಬಹುದು. ಆದರೆ ಯಾವ ಸರೋವರದಲ್ಲಿ? ಫಿನ್ಲೆಂಡಿನವರು ತಮ್ಮ ನಾಡಿನ ಸರೋವರಗಳನ್ನು ಲೆಕ್ಕ ಹಾಕಿಟ್ಟಿದ್ದಾರೆ. ಐನೂರು ಚದರ ಮೀಟರಿಗಿಂತ ದೊಡ್ಡದಾದ ಕೆರೆ, ಕೊಳ, ಸರೋವರಗಳೆಲ್ಲ ಸೇರಿ 1,87,888! ಉತ್ತರದಲ್ಲಿ ಇವುಗಳಲ್ಲಿ ಹೆಚ್ಚಿನವಕ್ಕೆ ರಸ್ತೆಯಿಲ್ಲ, ದಡದಲ್ಲಿ ಮನೆಯಿಲ್ಲ, ಕೇಳೋಣವೆಂದರೆ ನರಪಿಳ್ಳೆಯಿಲ್ಲ. ಚಳಿಗಾಲದಲ್ಲಂತೂ ಎಲ್ಲವೂ ಒಂದೇ ಬಿಳಿ ಹೊದಿಕೆಯಡಿ ಮಲಗಿ, ಯಾವುದು ಗದ್ದೆಯಂಥ ಜೌಗು, ಯಾವುದು ನೂರಡಿ ಆಳದ ನೀರು ಎಂದು ಗುರುತು ಹಿಡಿಯುವುದೂ ಕಷ್ಟ. ಹುಸಿ ಕೆರೆಯೊಂದನ್ನು ಆರಿಸಿಕೊಂಡು ದಿನವಿಡೀ ಕುಳಿತವನಿಗೆ ಸಿಗುವುದು ನೆಗಡಿ ಮಾತ್ರ.

ಇನಾರಿ ಎಂಬ ಸೀಮೆ

ಆರ್ಕ್ಟಿಕ್ ವೃತ್ತದಿಂದ ಸಾಕಷ್ಟು ಉತ್ತರಕ್ಕಿರುವ ಇನಾರಿ, ವಿಸ್ತಾರದಲ್ಲಿ ಫಿನ್ಲೆಂಡಿನ ಅತ್ಯಂತ ದೊಡ್ಡ ಪೌರಾಡಳಿತ ಪ್ರದೇಶ. ಸುಮಾರು 17,000 ಚದರ ಕಿಲೋಮೀಟರ್ ನೆಲ–ನೀರಿಗೆ ಜನಸಂಖ್ಯೆ ಏಳು ಸಾವಿರದ ಆಸುಪಾಸು. ಇಷ್ಟು ಕಡಿಮೆ ಜನರಿರುವಲ್ಲಿ ಅಧಿಕೃತ ಭಾಷೆಗಳು ಮಾತ್ರ ನಾಲ್ಕು: ಫಿನ್ನಿಶ್ ಒಂದು, ಉಳಿದ ಮೂರೂ ಸಾಮಿ ಜನರ ಭಾಷೆಗಳು. ಸಾಮಿಗಳು ಯುರೋಪಿನ ಉತ್ತರ ತುದಿಯ ಮೂಲನಿವಾಸಿಗಳು. ಸಾಮಿ ಎಂದೊಡನೆ ಹಿಮಸಾರಂಗ ಮೇಯಿಸುವವರ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಆದರೆ ಇನಾರಿ ಸಾಮಿಗಳು ಪರಂಪರೆಯಿಂದ ಮುಖ್ಯವಾಗಿ ಮೀನುಗಾರರು.

ಈ ಸೀಮೆಯ ನಡುವೆ ಇನಾರಿ ಸರೋವರ. ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಹರಹು, ಮೂರು ಸಾವಿರಕ್ಕೂ ಹೆಚ್ಚು ದ್ವೀಪಗಳು, ಅತಿ ಆಳದಲ್ಲಿ 92 ಮೀಟರ್. ಸಾಮಾನ್ಯವಾಗಿ ನವೆಂಬರಿನಲ್ಲಿ ಹೆಪ್ಪುಗಟ್ಟುವ ಇದು ಮತ್ತೆ ಅಲೆ ಕಾಣುವುದು ಜೂನ್ ಹೊತ್ತಿಗೆ. ಅದರ ಸುತ್ತ, ಬೆಟ್ಟಗಳ ಮಡಿಲಲ್ಲಿ, ಪೈನ್ ಕಾಡಿನ ಸಂದುಗಳಲ್ಲಿ, ಚೆಲ್ಲಿದ ಗಾಜಿನ ಚೂರುಗಳಂತೆ ಸಾವಿರಾರು ಚಿಕ್ಕ ಸರೋವರಗಳು.

ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ‘ಕಾಮೋಸ್’ ಎಂದು ಕರೆಯುವ ಆ ಕತ್ತಲು ಜನವರಿಯ ಎರಡನೆಯ ವಾರದ ತನಕವೂ ಇರುತ್ತದೆ. ಆಗ ಗಾಳ ಹಿಡಿದು ಹೊರಡುವವರು ಅಪರೂಪ. ಮಾರ್ಚ್ ಬಂದಂತೆ ಬೆಳಕು ದಿನದಿನಕ್ಕೆ ಉದ್ದವಾಗುತ್ತದೆ. ಏಪ್ರಿಲಿನಲ್ಲಿ ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುವ ಹಿಮದ ಮೇಲ್ಪದರ ಬೆಳಗಿನ ಹೊತ್ತು ಕಾಂಕ್ರೀಟಿನಂತೆ ಗಟ್ಟಿಯಾಗಿ ಮನುಷ್ಯನನ್ನು ಹೊರುತ್ತದೆ. ಮೊಣಕಾಲುದ್ದ ಹೂತುಕೊಳ್ಳದೆ ಎಷ್ಟು ದೂರ ಬೇಕಾದರೂ ನಡೆಯಬಹುದು. ದೂರದ ಸರೋವರಗಳು ಎಟುಕುವ ಕಾಲವೆಂದರೆ ಇದೇ. ಮಧ್ಯಾಹ್ನದೊಳಗೆ ಹಿಂದಿರುಗದಿದ್ದರೆ ಅದೇ ಹಿಮ ಗಂಜಿಯಂತಾಗಿ ಕಾಲು ಹಿಡಿಯುತ್ತದೆ ಎನ್ನುವುದನ್ನು ಮರೆಯಬಾರದು.

ಉಸಿರುಗಟ್ಟುವ ಕೊಳಗಳು

ಒಳ್ಳೆಯ ಸರೋವರ ಯಾವುದು ಎಂದು ತಿಳಿಯಬೇಕಾದರೆ ಮಂಜುಗಡ್ಡೆಯ ಕೆಳಗೆ ಏನು ನಡೆಯುತ್ತದೆ ಎಂದು ಮೊದಲು ತಿಳಿಯಬೇಕು.

ನೀರಿಗೆ ಒಂದು ವಿಚಿತ್ರ ಗುಣವಿದೆ. ಅದು ಅತ್ಯಂತ ಭಾರವಾಗಿರುವುದು ಸೊನ್ನೆ ಡಿಗ್ರಿಯಲ್ಲಲ್ಲ, ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹೀಗಾಗಿ ಚಳಿಗಾಲದಲ್ಲಿ ನಾಲ್ಕು ಡಿಗ್ರಿಯ ‘ಬೆಚ್ಚನೆಯ’ ನೀರು ತಳ ಸೇರುತ್ತದೆ, ಅದಕ್ಕಿಂತ ತಣ್ಣನೆಯದು ಮೇಲುಳಿದು ಹೆಪ್ಪುಗಟ್ಟುತ್ತದೆ. ಹೊರಗೆ ಮೈನಸ್ ಮೂವತ್ತು ಇದ್ದರೂ ಆಳದಲ್ಲಿ ಮೀನಿಗೆ ಚಳಿಯ ಭಯವಿಲ್ಲ.

ಭಯವಿರುವುದು ಉಸಿರಿನದು. ಮಂಜುಗಡ್ಡೆ ಮುಚ್ಚಳ ಹಾಕಿದ ದಿನದಿಂದ ಗಾಳಿಯಿಂದ ನೀರಿಗೆ ಆಮ್ಲಜನಕ ಬರುವುದು ನಿಂತುಹೋಗುತ್ತದೆ. ಅದರ ಮೇಲೆ ಹಿಮ ಬಿದ್ದರೆ ಬೆಳಕೂ ಇಲ್ಲ. ಬೆಳಕಿಲ್ಲದೆ ಪಾಚಿ–ಸಸ್ಯಗಳು ಆಮ್ಲಜನಕ ತಯಾರಿಸಲಾರವು. ಆದರೆ ತಳದ ಕೆಸರಿನಲ್ಲಿ ಎಲೆ, ಕಸ ಕೊಳೆಯುವುದು ಮಾತ್ರ ನಿಲ್ಲುವುದಿಲ್ಲ. ಅದು ಇದ್ದಬದ್ದ ಆಮ್ಲಜನಕವನ್ನು ದಿನವೂ ಖರ್ಚು ಮಾಡುತ್ತದೆ. ಆಳವಾದ ಸರೋವರಕ್ಕೆ ಇದು ದೊಡ್ಡ ಬಂಡವಾಳದಿಂದ ಚಿಲ್ಲರೆ ತೆಗೆದಂತೆ. ಆಳವಿಲ್ಲದ, ಕೆಸರು ತುಂಬಿದ ಕೊಳವೋ ಮಾರ್ಚ್ ಹೊತ್ತಿಗೆ ದಿವಾಳಿಯಾಗುತ್ತದೆ. ಅಂಥಲ್ಲಿ ತೂತು ಕೊರೆದರೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುವುದುಂಟು. ಆ ವಾಸನೆ ಬಂದ ಮೇಲೆ ಗಾಳ ಇಳಿಸುವುದು ದಂಡ.

ಅಂಥ ನೀರಿನಲ್ಲೂ ಬದುಕುವ ಭೂಪ ಒಬ್ಬನಿದ್ದಾನೆ. ಫಿನ್ನಿಶ್ ಜನ ‘ರೂತನ’ ಎಂದು ಕರೆಯುವ ಕ್ರೂಷಿಯನ್ ಕಾರ್ಪ್. ಆಮ್ಲಜನಕ ಪೂರ್ತಿ ಮುಗಿದರೂ ಈ ಮೀನು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಆಮ್ಲಜನಕವಿಲ್ಲದೆ ಶಕ್ತಿ ಪಡೆಯುವಾಗ ಮೈಯಲ್ಲಿ ಶೇಖರವಾಗುವ ಲ್ಯಾಕ್ಟಿಕ್ ಆಮ್ಲವೇ ಉಳಿದ ಪ್ರಾಣಿಗಳನ್ನು ಕೊಲ್ಲುತ್ತದೆ. ಇದು ಅದನ್ನು ಆಲ್ಕೋಹಾಲಾಗಿ ಮಾರ್ಪಡಿಸಿ ಕಿವಿರಿನ ಮೂಲಕ ಹೊರಗೆ ಬಿಡುತ್ತದೆ. ಚಳಿಗಾಲವಿಡೀ ತಾನೇ ಭಟ್ಟಿ ಇಳಿಸಿಕೊಂಡು ಬದುಕುವ ಮೀನು! ಆದರೆ ಇದನ್ನು ಹುಡುಕಿಕೊಂಡು ಯಾರೂ ಉತ್ತರಕ್ಕೆ ಹೋಗುವುದಿಲ್ಲ. ಅವರಿಗೆ ಬೇಕಾದದ್ದು ತಣ್ಣನೆಯ, ತಿಳಿಯಾದ, ಆಮ್ಲಜನಕ ತುಂಬಿದ ನೀರಿನಲ್ಲಿ ಮಾತ್ರ ಇರುವ ಆರ್ಕ್ಟಿಕ್ ಚಾರ್, ಟ್ರೌಟ್, ವೈಟ್‌ಫಿಶ್.

ಹೀಗಾಗಿ ಮೊದಲ ಲೆಕ್ಕ ಆಳದ್ದು. ದಡದಲ್ಲಿ ಬೆಟ್ಟ ಕಡಿದಾಗಿ ನೀರಿಗಿಳಿದಿದ್ದರೆ ನೀರಿನೊಳಗೂ ಅದೇ ಇಳಿಜಾರು ಮುಂದುವರಿದಿರುತ್ತದೆ ಎಂದು ಊಹಿಸಬಹುದು. ಸುತ್ತಲೂ ಸಮತಟ್ಟಾದ ಜೌಗು, ಕುಳ್ಳ ಗಿಡಗಳಿದ್ದರೆ ಆಳವಿರುವುದು ಅನುಮಾನ. ಸಣ್ಣ ಹೊಳೆಯೊಂದು ಒಳಗೆ ಬರುತ್ತಿದ್ದರೆ ಮೀನಿಗೆ ಹೊಸ ಉಸಿರೂ ಬರುತ್ತದೆ. ನಕ್ಷೆಯ ಎತ್ತರದ ಗೆರೆಗಳನ್ನು ಓದಲು ಬಲ್ಲವನು ಮನೆಯಲ್ಲೇ ಕುಳಿತು ನೂರು ಕೆರೆಗಳಲ್ಲಿ ಎಂಬತ್ತನ್ನು ಹೊಡೆದುಹಾಕಬಲ್ಲ.

ಹೆಸರಿನಲ್ಲೇ ಗುಟ್ಟು

ಉಳಿದ ಇಪ್ಪತ್ತರಲ್ಲಿ ಯಾವುದು? ಇಲ್ಲಿ ನಕ್ಷೆಯ ಗೆರೆಗಳಿಗಿಂತ ಅಕ್ಷರಗಳು ಹೆಚ್ಚು ಉಪಕಾರಿ.

ಫಿನ್ನಿಶ್ ಭಾಷೆಯಲ್ಲಿ ‘ಯಾರ್ವಿ’ ಎಂದರೆ ಸರೋವರ. ಹೌಕಿ ಎಂದರೆ ಪೈಕ್ ಮೀನು. ಹೌಕಿಯಾರ್ವಿ ಎಂದರೆ ಪೈಕ್ ಇರುವ ಸರೋವರ. ಅಹ್ವೆನ್ ಎಂದರೆ ಪರ್ಚ್, ಸೀಕಾ ಎಂದರೆ ವೈಟ್‌ಫಿಶ್, ರೌತು ಎಂದರೆ ಚಾರ್. ಅಹ್ವೆನ್ಯಾರ್ವಿ, ಸೀಕಯಾರ್ವಿ, ರೌತುಯಾರ್ವಿ... ನಕ್ಷೆಯ ತುಂಬ ಮೀನಿನ ಹೆಸರುಗಳೇ. ಉತ್ತರ ಸಾಮಿ ಭಾಷೆಯಲ್ಲೂ ಹೀಗೆಯೇ. ಅಲ್ಲಿ ಸರೋವರಕ್ಕೆ ‘ಯಾವ್ರಿ’. ರಾವ್ದು ಎಂದರೆ ಚಾರ್, ಹಾವ್ಗಾ ಎಂದರೆ ಪೈಕ್, ನ್ಯಾಹ್ಕಾ ಎಂದರೆ ಬರ್ಬಟ್. ಈ ಒಂಬತ್ತು ಶಬ್ದ ಕಲಿತವನ ಕೈಯಲ್ಲಿ ಸರ್ವೇ ನಕ್ಷೆ ಮೀನಿನ ಅಂಗಡಿಯ ಬೋರ್ಡಿನಂತೆ ತೆರೆದುಕೊಳ್ಳುತ್ತದೆ. ಫಿನ್ನಿಶ್‌ನಲ್ಲಿ ಮೀನಿಗೆ ‘ಕಲಾ’ ಎನ್ನುತ್ತಾರೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ‘ಕಲಾತೋನ್’ ಎಂದರೆ ಮೀನಿಲ್ಲದ್ದು. ಆ ಹೆಸರಿನ ಕೊಳಗಳೂ ಇವೆ. ಯಾವನೋ ಪುಣ್ಯಾತ್ಮ ತಾನು ಪಟ್ಟ ಪಾಡು ಮುಂದಿನವರಿಗೆ ಬೇಡವೆಂದು ಹೆಸರಿನಲ್ಲೇ ಎಚ್ಚರಿಕೆ ಇಟ್ಟುಹೋಗಿದ್ದಾನೆ.

ಹೆಸರನ್ನು ಪೂರ್ತಿ ನಂಬುವಂತೆಯೂ ಇಲ್ಲ. ಹೆಸರಿಟ್ಟ ಕಾಲಕ್ಕೆ ಇದ್ದ ಮೀನು ಈಗ ಇರಬೇಕೆಂದೇನಿಲ್ಲ. ಇಲ್ಲದ ಮೀನು ಆಮೇಲೆ ಬಂದಿರಲೂಬಹುದು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಹಿಮಯುಗದ ನೀರ್ಗಲ್ಲು ಹಿಂದೆ ಸರಿದಾಗ, ಕರಗಿದ ನೀರಿನ ದಾರಿಯಲ್ಲಿ ಮೀನುಗಳು ಒಂದೊಂದೇ ಸರೋವರಕ್ಕೆ ಹತ್ತಿ ಬಂದವು. ಜಲಪಾತಗಳ ಮೇಲಿನ ಕೆರೆಗಳಿಗೆ ಅವು ತಲಪಲಾಗಲಿಲ್ಲ. ಅಲ್ಲಿಗೆ ಮೀನನ್ನು ಮುಟ್ಟಿಸಿದವರು ಮನುಷ್ಯರು. ನಾರ್ವೆಯ ಗೌಸ್ಡಾಲ್ ಕಣಿವೆಯಲ್ಲಿ ಸುಮಾರು ಸಾವಿರ ವರ್ಷ ಹಳೆಯ ಶಿಲಾಶಾಸನವೊಂದು ಸಿಕ್ಕಿದೆ. ರೂನ್ ಲಿಪಿಯ ಆ ಶಾಸನದಲ್ಲಿರುವ ವಿಷಯ ಇಷ್ಟೇ: ಐಲಿಫ್ ಎಲ್ಗ್ ಎಂಬಾತ ರೌಡ್ ಎಂಬ ಸರೋವರಕ್ಕೆ ಮೀನು ಹೊತ್ತು ತಂದ. ಯುದ್ಧವಿಲ್ಲ, ದಾನದತ್ತಿಯಿಲ್ಲ. ಬೆಟ್ಟದ ಕೆರೆಗೆ ಮೀನು ಹೊತ್ತದ್ದನ್ನು ಕಲ್ಲಿನಲ್ಲಿ ಕೊರೆಸುವಷ್ಟು ದೊಡ್ಡ ಕೆಲಸವೆಂದು ಆ ಜನ ತಿಳಿದಿದ್ದರು.

ಹಾರೆಯ ಸದ್ದು

ಸರೋವರ ಆರಿಸಿದ್ದಾಯಿತು. ಇನ್ನು ಅದರ ಮೇಲೆ ಹೆಜ್ಜೆ ಇಡಬೇಕು. ಇದು ಪ್ರಾಣದ ಪ್ರಶ್ನೆ.

ಮೀನಿಗೆ ಒಳ್ಳೆಯದಾದದ್ದೇ ಮೀನುಗಾರನಿಗೆ ಕೆಟ್ಟದ್ದು. ಹೊಳೆ ಬಂದು ಸೇರುವ ಬಾಯಿ, ನೀರು ಹೊರಹೋಗುವ ತೂಬಿನಂಥ ಜಾಗ, ಎರಡು ದ್ವೀಪಗಳ ನಡುವಿನ ಇಕ್ಕಟ್ಟು... ಇಲ್ಲೆಲ್ಲ ಮೀನು ಸೇರುತ್ತದೆ. ಇಲ್ಲೆಲ್ಲ ಹರಿವಿನಿಂದಾಗಿ ಮಂಜುಗಡ್ಡೆ ತೆಳ್ಳಗೂ ಇರುತ್ತದೆ. ‘ಸುಲಾ’ ಎಂದರೆ ಕರಗಿದ್ದು, ಹೆಪ್ಪುಗಟ್ಟದ್ದು ಎಂದರ್ಥ. ‘ಸಲ್ಮಿ’ ಎಂದರೆ ಜಲಸಂಧಿ. ನಕ್ಷೆಯಲ್ಲಿ ‘ಸುಲಸಲ್ಮಿ’ ಎಂಬಂಥ ಹೆಸರು ಕಂಡರೆ ಬಳಸಿ ಹೋಗುವುದು ಜಾಣತನ.

ಬಲ್ಲವರು ಮುಂದೆ ಮುಂದೆ ಹಾರೆಯಿಂದ ಕುಟ್ಟಿಕೊಂಡು ನಡೆಯುತ್ತಾರೆ. ಗಟ್ಟಿ ಗಡ್ಡೆಯಾದರೆ ಹಾರೆ ‘ಠಣ್’ ಎನ್ನುತ್ತದೆ. ಸದ್ದು ಬೋಳಾದರೆ ಹಿಂದೆ ಸರಿಯಬೇಕು. ಒಬ್ಬನ ನಡಿಗೆಗೆ ಕನಿಷ್ಠ ಹತ್ತು ಸೆಂಟಿಮೀಟರ್ ದಪ್ಪದ, ತಿಳಿನೀಲಿಯ ಗಟ್ಟಿ ಗಡ್ಡೆ ಬೇಕೆಂಬುದು ರೂಢಿಯ ಲೆಕ್ಕ. ಹಿಮ ನೆನೆದು ಹೆಪ್ಪುಗಟ್ಟಿ ಆದ ಬಿಳಿ ಗಡ್ಡೆಗೆ ಅದರ ಅರ್ಧದಷ್ಟೇ ಬಲ. ಕೊರಳಿಗೆ ಹಗ್ಗದಲ್ಲಿ ಎರಡು ಚೂಪು ಮೊಳೆಯ ಹಿಡಿಗಳನ್ನು ತೂಗುಹಾಕಿಕೊಳ್ಳದೆ ಅಲ್ಲಿ ಯಾರೂ ಮೊದಲ ಗಡ್ಡೆಯ ಮೇಲೆ ಹೋಗಬಾರದು. ‘ನಸ್ಕಲಿ’ ಎನ್ನುವ ಅವನ್ನು ಚುಚ್ಚಿ ಚುಚ್ಚಿಯೇ ನೀರಿಗೆ ಬಿದ್ದವನು ಜಾರುವ ಅಂಚನ್ನು ಹತ್ತಿ ಹೊರಗೆ ಬರಬೇಕು. ಬರಿಗೈಗೆ ಅಲ್ಲಿ ಹಿಡಿತವೇ ಸಿಗುವುದಿಲ್ಲ.

ಇನ್ನೊಂದು ಮೋಸವೂ ಇದೆ. ಹೊಸ ಹಿಮದ ಭಾರಕ್ಕೆ ಗಡ್ಡೆ ತಗ್ಗಿ, ಬಿರುಕಿನಿಂದ ನೀರು ಮೇಲೆ ಬಂದು ಹಿಮದಡಿ ನಿಲ್ಲುತ್ತದೆ. ಮೇಲಿನ ಹಿಮ ಕಂಬಳಿಯಂತೆ ಹೊದೆದುಕೊಂಡಿರುವುದರಿಂದ ಮೈನಸ್ ಇಪ್ಪತ್ತರಲ್ಲೂ ಆ ನೀರು ಕೆಸರಿನಂತೆ ಮೆತ್ತಗೇ ಇರುತ್ತದೆ. ಸ್ನೋಮೊಬೈಲ್ ಅದರಲ್ಲಿ ಹೂತರೆ ಮುಗಿಯಿತು, ಅರ್ಧ ದಿನ ಹೋಯಿತು. ಬೂಟು ನೆನೆದರೆ ಬೆರಳೇ ಹೋಗಬಹುದು.

ಆಮೇಲಿನದು ತಾಳ್ಮೆಯ ಮಾತು. ಪರ್ಚ್ ಗುಂಪಾಗಿ ಇರುತ್ತದೆ, ಒಂದು ಸಿಕ್ಕಿದಲ್ಲಿ ಇಪ್ಪತ್ತು ಸಿಕ್ಕೀತು. ಪೈಕ್ ದಡದ ಜೊಂಡಿನಲ್ಲಿ ಹೊಂಚಿರುತ್ತದೆ. ವೈಟ್‌ಫಿಶ್ ಬಾಯಿ ನಾಜೂಕು, ಅದಕ್ಕೆ ಸಣ್ಣ ಗಾಳ ಬೇಕು. ಬರ್ಬಟ್ ಮಾತ್ರ ಎಲ್ಲರಿಗಿಂತ ವಿಲಕ್ಷಣ: ನಡುಚಳಿಗಾಲದಲ್ಲಿ, ಗಡ್ಡೆಯ ಕೆಳಗೆ, ಕತ್ತಲಲ್ಲಿ ಮೊಟ್ಟೆಯಿಡುವ ಮೀನು ಅದು. ನೋಡಲು ಕುರೂಪಿ. ಆದರೆ ಅದರ ಸಾರನ್ನೂ ಪಿತ್ತಜನಕಾಂಗವನ್ನೂ ಹೊಗಳುವವರ ಬಾಯಿ ಒಣಗುವುದಿಲ್ಲ.

ಸರೋವರ ಕಳೆದುಕೊಂಡವರು

ಇಷ್ಟೆಲ್ಲ ಲೆಕ್ಕಾಚಾರ ಬೇಕಾದದ್ದು ಹೊರಗಿನಿಂದ ಹೋದವರಿಗೆ. ಅಲ್ಲೇ ಹುಟ್ಟಿ ಬೆಳೆದವನಿಗೆ ಯಾವ ಸರೋವರದ ಯಾವ ಬಂಡೆಯ ಎಡಕ್ಕೆ, ಯಾವ ತಿಂಗಳಲ್ಲಿ ಬಲೆ ಇಳಿಸಬೇಕೆಂಬುದು ಅಪ್ಪ–ಅಜ್ಜಂದಿರಿಂದ ಬಂದ ಆಸ್ತಿ. ಆ ಆಸ್ತಿ ಒಮ್ಮೆಗೇ ಕೈಬಿಟ್ಟು ಹೋದರೆ?

ಸ್ಕೋಲ್ಟ್ ಸಾಮಿಗಳಿಗೆ ಆದದ್ದು ಅದೇ. ಅವರ ನೆಲೆ ಇನಾರಿಗೆ ಪೂರ್ವದ ಪೆಟ್ಸಾಮೊ ಸೀಮೆಯಲ್ಲಿತ್ತು. ಅಲ್ಲಿನ ಸುವೆನ್ಯೆಲ್ ಸಮುದಾಯದವರು ನಡುಚಳಿಗಾಲವನ್ನು ಒಂದೇ ಊರಿನಲ್ಲಿ ಒಟ್ಟಾಗಿ ಕಳೆದು, ವಸಂತ ಬಂದೊಡನೆ ಒಂದೊಂದು ಕುಟುಂಬವಾಗಿ ತಂತಮ್ಮ ಸರೋವರಗಳಿಗೆ ಚದುರುತ್ತಿದ್ದರು. ಯಾವ ನೀರು ಯಾವ ಮನೆತನದ್ದು ಎಂಬುದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಫಿನ್ಲೆಂಡಿನ ಭೂಮಾಪನತಜ್ಞ ಕಾರ್ಲ್ ನಿಕುಲ್ 1930ರ ದಶಕದಲ್ಲಿ ಅವರ ನಡುವೆ ಓಡಾಡಿ ಸ್ಥಳನಾಮಗಳನ್ನೂ ಈ ಹಂಚಿಕೆಯನ್ನೂ ಬರೆದಿಟ್ಟ. 1938ರ ವರ್ಷದಲ್ಲಿ ಆ ಸಮುದಾಯ ಹೇಗಿತ್ತೆಂಬ ಅವನ ಪುಸ್ತಕ ಅಚ್ಚಾದದ್ದು 1948ರಲ್ಲಿ. ಅಷ್ಟರಲ್ಲಿ ಆ ಊರೇ ಇರಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ, 1944ರಲ್ಲಿ, ಪೆಟ್ಸಾಮೊ ಸೋವಿಯತ್ ಒಕ್ಕೂಟದ ಪಾಲಾಯಿತು. ಸ್ಕೋಲ್ಟರು ಗಡಿಯ ಈಚೆ ನಿರಾಶ್ರಿತರಾದರು. ಸುವೆನ್ಯೆಲ್‌ನವರಿಗೆ 1949ರಲ್ಲಿ ಇನಾರಿ ಸರೋವರದ ಈಶಾನ್ಯಕ್ಕಿರುವ ಸೆವೆಟ್ಟಿಯಾರ್ವಿ ಸುತ್ತಮುತ್ತ ಸರ್ಕಾರ ಮನೆ ಕಟ್ಟಿಸಿಕೊಟ್ಟಿತು.

ಮನೆ ಸಿಕ್ಕಿತು. ಸರೋವರಗಳೂ ಬೇಕಾದಷ್ಟಿದ್ದವು. ಆದರೆ ಒಂದರ ತಳವೂ ಗೊತ್ತಿಲ್ಲ. ಯಾವ ನೀರಿನಲ್ಲಿ ವೈಟ್‌ಫಿಶ್, ಯಾವ ಇಕ್ಕಟ್ಟಿನಲ್ಲಿ ತೆಳ್ಳನೆ ಗಡ್ಡೆ, ಯಾವ ಕೊಳ ಮಾರ್ಚಿನಲ್ಲಿ ಉಸಿರುಗಟ್ಟುತ್ತದೆ... ಹೇಳಬಲ್ಲ ಅಜ್ಜ ಯಾರೂ ಆ ಸೀಮೆಯವರಲ್ಲ. ನಲವತ್ತು–ಐವತ್ತು ವಯಸ್ಸಿನ ಮೀನುಗಾರರು ಹುಡುಗರಂತೆ ಮೊದಲಿನಿಂದ ಕಲಿಯಬೇಕಾಯಿತು. ಮೀನು ಅವರಿಗೆ ರಜಾದಿನದ ವಿನೋದವಾಗಿರಲಿಲ್ಲ, ದಿನದ ಊಟವಾಗಿತ್ತು.

ಅವರು ಕಲಿತರು. 1960ರ ದಶಕದ ಆರಂಭದಲ್ಲಿ ಆ ಊರಿಗೆ ಸ್ನೋಮೊಬೈಲ್ ಬಂತು. ಕೆಲವೇ ವರ್ಷಗಳಲ್ಲಿ ಅದು ಹಿಮಸಾರಂಗದ ಜಾರುಬಂಡಿಯನ್ನು ಮೂಲೆಗೆ ಸರಿಸಿದ ಕಥೆಯನ್ನು ಪರ್ಟಿ ಪೆಲ್ಟೊ ಎಂಬ ಮಾನವಶಾಸ್ತ್ರಜ್ಞ 1973ರಲ್ಲಿ ಪುಸ್ತಕವಾಗಿಸಿದ್ದಾನೆ. ದಿನವಿಡೀ ಪಯಣಿಸಬೇಕಿದ್ದ ಸರೋವರ ಗಂಟೆಗಳ ದೂರಕ್ಕೆ ಬಂತು. ಊರವರಿಗೆ ಹತ್ತಿರವಾದದ್ದು ಪರಊರವರಿಗೂ ಹತ್ತಿರವಾಯಿತೆನ್ನಿ.

ಯಾರಿಗೆ ಹೇಳಬೇಕು?

ಫಿನ್ಲೆಂಡಿನ ಕಾನೂನಿನಲ್ಲಿ ಒಂದು ಕೋಲು, ಒಂದು ಗಾಳ ಹಿಡಿದು ಮಂಜುಗಡ್ಡೆಯ ಮೇಲೆ ಮೀನು ಹಿಡಿಯುವುದು ಎಲ್ಲರ ಹಕ್ಕು. ವಲಸೆ ಮೀನುಗಳ ಹರಿವು, ನಿಷೇಧಿಸಿದ ಕೆಲವು ನೀರುಗಳನ್ನು ಬಿಟ್ಟರೆ ಚೀಟಿಯೂ ಬೇಡ, ಶುಲ್ಕವೂ ಬೇಡ. ಬಲೆ ಹಾಕಲು ಮಾತ್ರ ಅಪ್ಪಣೆ ಬೇಕು. ಉದಾರವಾದ ಕಾನೂನು, ನಿಜ. ಆದರೆ ಬೆಟ್ಟದ ಸಣ್ಣ ಸರೋವರಗಳ ಚಾರ್ ಮೀನು ಬೆಳೆಯುವುದು ಬಹಳ ನಿಧಾನ. ವರ್ಷದಲ್ಲಿ ನಾಲ್ಕು ತಿಂಗಳು ಕೂಡ ತೆರೆದಿರದ ನೀರಿನಲ್ಲಿ ಮೇವಾದರೂ ಎಷ್ಟು? ಒಂದು ವಸಂತದಲ್ಲಿ ಹತ್ತಾರು ಜನ ಬಂದು ದೊಡ್ಡ ಮೀನುಗಳನ್ನೆಲ್ಲ ಎತ್ತಿಕೊಂಡು ಹೋದರೆ ಅಂಥ ಕೆರೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಇಂದು ಮೊಬೈಲಿನಲ್ಲಿ ನಕ್ಷೆಯಿದೆ, ನೀರಿನಾಳ ತೋರಿಸುವ ಸೋನಾರ್ ಯಂತ್ರ ಅಂಗಡಿಯಲ್ಲಿದೆ. ಮೂರು ತಲೆಮಾರು ಕಲಿತದ್ದು ಮೂರು ಗಂಟೆಯಲ್ಲಿ ಕೈಗೆ ಸಿಗುತ್ತದೆ. ಹಾಗಾಗಿ ಒಳ್ಳೆಯ ಸರೋವರ ಯಾವುದೆಂದು ಕೇಳಿದವನಿಗೆ ಉತ್ತರದ ಹಿರಿಯರು ಹಾರಿಕೆಯ ಉತ್ತರ ಕೊಟ್ಟರೆ ಅದನ್ನು ಜಿಪುಣತನ ಎನ್ನಲು ನನಗೆ ಮನಸ್ಸು ಬಾರದು.

ಅವರ ಚಿಂತೆ ಇನ್ನೊಂದೂ ಇದೆ. ಲ್ಯಾಪ್‌ಲ್ಯಾಂಡಿನ ಟೋರ್ನಿಯೊ ನದಿಯ ಮಂಜುಗಡ್ಡೆ ಒಡೆಯುವ ದಿನವನ್ನು 1693ರಿಂದ ದಾಖಲಿಸುತ್ತ ಬಂದಿದ್ದಾರೆ. ಆ ಕಾಲಕ್ಕೆ ಹೋಲಿಸಿದರೆ ಈಗ ಅದು ಹತ್ತು ದಿನಕ್ಕೂ ಹೆಚ್ಚು ಬೇಗ ಒಡೆಯುತ್ತದೆ. ಶರತ್ಕಾಲದ ಹೆಪ್ಪು ನಂಬುವಂತಿಲ್ಲದಾಗಿದೆ. ‘ಈ ತಾರೀಕಿಗೆ ಈ ಇಕ್ಕಟ್ಟು ದಾಟಬಹುದು’ ಎಂಬ ಹಳೆಯ ಲೆಕ್ಕ ತಪ್ಪಿದರೆ ಪ್ರಾಣಕ್ಕೇ ಕುತ್ತು. ನೀರು ಬೆಚ್ಚಗಾದಷ್ಟೂ ಸಿಹಿನೀರಿನ ಮೀನುಗಳಲ್ಲೇ ಅತಿ ಚಳಿ ಬಯಸುವ ಚಾರ್‌ಗೆ ಜಾಗ ಕಿರಿದಾಗುತ್ತದೆ, ಪೈಕ್ ಮತ್ತು ಪರ್ಚ್‌ಗೆ ಹಿಗ್ಗುತ್ತದೆ.

ಸೆವೆಟ್ಟಿಯಾರ್ವಿಯ ಸ್ಕೋಲ್ಟರು ಇದನ್ನು ನೋಡುತ್ತ ಕುಳಿತಿಲ್ಲ. ಅಲ್ಲಿನ ನ್ಯಾಟಮೊ ನದಿಯ ಜಲಾನಯನದಲ್ಲಿ 2011ರಿಂದ ಸ್ನೋಚೇಂಜ್ ಎಂಬ ಸಂಸ್ಥೆಯ ಜೊತೆ ಸೇರಿ ನೀರು, ಗಡ್ಡೆ, ಮೀನುಗಳ ಬದಲಾವಣೆಯನ್ನು ತಾವೇ ಬರೆದಿಡುತ್ತ ಬಂದಿದ್ದಾರೆ. ಸಾಲ್ಮನ್ ಮರಿಗಳನ್ನು ತಿನ್ನುವ ಪೈಕ್, ಬರ್ಬಟ್‌ಗಳನ್ನು ಬೇಕೆಂದೇ ಹೆಚ್ಚು ಹಿಡಿಯುತ್ತಾರೆ. ಕಳೆದ ಶತಮಾನದಲ್ಲಿ ಯಂತ್ರದಿಂದ ಅಗೆದು ಕೆಡಿಸಿದ್ದ ವೈನೊಸ್ಯೊಕಿ ಎಂಬ ಹೊಳೆಯಲ್ಲಿ ಟ್ರೌಟ್, ಗ್ರೇಲಿಂಗ್ ಮೀನುಗಳು ಮೊಟ್ಟೆಯಿಡುವ ಕಲ್ಲುಹಾಸನ್ನು ಮತ್ತೆ ಸಿದ್ಧಮಾಡಿದ್ದಾರೆ. ಗುರುತಿಲ್ಲದ ನೀರಿಗೆ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು ಇವರು.

ಗಡ್ಡೆಯ ಕೆಳಗೆ ಬಲೆ ಬಿಟ್ಟವರು ಮನೆಗೆ ಹೊರಡುವ ಮುನ್ನ ತೂತಿನ ಪಕ್ಕ ಒಂದು ಮರದ ಕೊಂಬೆಯನ್ನು ನೆಟ್ಟು ಹೋಗುತ್ತಾರೆ. ನಾಳೆ ಹಿಮ ಬಿದ್ದರೂ ತಮ್ಮ ಬಲೆ ಸಿಗಲಿ ಎಂದು. ರಾತ್ರಿ ಆ ದಾರಿಯಲ್ಲಿ ಬರುವ ಯಾರೋ ಅಪರಿಚಿತ ಅದರೊಳಗೆ ಕಾಲಿಡದಿರಲಿ ಎಂದೂ.